ಸರಾಸರಿಗೆ ಹಸಿವಾಗುವುದಿಲ್ಲ

ಅಡಿಲೇಡ್‌ಗೆ ‘ಚರ್ಚುಗಳ ಊರು’ ಅನ್ನೋ ಹೆಸರೇ ಇದೆ. ಪರ್ತ್, ಬ್ರಿಸ್ಬೇನ್‌ಗಳಲ್ಲೂ ಚರ್ಚುಗಳಿಗೆ ಕಡಿಮೆಯಿಲ್ಲ. ದಿನಾ ಅವುಗಳ ಮುಂದೆಯೇ ಕಾರು ಓಡಿಸ್ತೀವಿ. ಆದರೆ ‘ಕಡೇ ತೀರ್ಪಿನ ದಿನ’ ಅಂದ ಕೂಡಲೇ ನಮ್ಮಲ್ಲಿ ಬಹಳ ಜನರಿಗೆ ಹೊಳೆಯುವುದು ಬೆಂಕಿ, ನರಕ, ಸಿಟ್ಟಿನ ದೇವರು. ‘ಅದು ಅವರ ಧರ್ಮದ ವಿಷಯ, ನಮಗ್ಯಾಕೆ?’ ಅಂತ ಸುಮ್ಮನಾಗ್ತೀವಿ. ನಾನು ಕ್ರೈಸ್ತನಲ್ಲ, ಡೇಟಾ ಸೈನ್ಸ್ ಕೆಲಸ ಮಾಡುವವನು. ಆದರೂ ಹೇಳ್ತೀನಿ: ಈ ದೇಶದಲ್ಲಿ ಕಂಪ್ಯೂಟರ್ ಮುಂದೆ ಕೂತು ಅನ್ನ ಸಂಪಾದಿಸುವವರು ಆ ಪುಟಗಳನ್ನು ಓದಲೇಬೇಕು. ಅಲ್ಲಿ ಕಟಕಟೆ ಹತ್ತಿಸಿರುವುದು ನಮ್ಮಂಥವರನ್ನೇ.

ಮತ್ತಾಯನ ಸುವಾರ್ತೆಯ 25ನೇ ಅಧ್ಯಾಯ ನೋಡಿ. ಕುರುಬ ಕುರಿಗಳನ್ನೂ ಆಡುಗಳನ್ನೂ ಬೇರೆ ಮಾಡುವ ಹಾಗೆ ರಾಜ ಎಲ್ಲ ಜನಾಂಗಗಳನ್ನು ಎರಡು ಪಾಲು ಮಾಡುತ್ತಾನೆ. ಅವನು ನೋಡುವುದು ಆರೇ ವಿಷಯ: ಹಸಿದವರಿಗೆ ಊಟ, ಬಾಯಾರಿದವರಿಗೆ ನೀರು, ಪರದೇಶಿಗೆ ಆಸರೆ, ಬಟ್ಟೆಯಿಲ್ಲದವರಿಗೆ ಬಟ್ಟೆ, ಕಾಯಿಲೆಯವರ ಆರೈಕೆ, ಸೆರೆಮನೆಯಲ್ಲಿದ್ದವರ ಭೇಟಿ. ಯಾವ ದೇವರನ್ನು ನಂಬಿದಿರಿ ಅನ್ನುವ ಪ್ರಶ್ನೆಯೇ ಬರುವುದಿಲ್ಲ. ತಪ್ಪಿತಸ್ಥರು ಕೊಡುವ ಉತ್ತರ ಒಂದೇ: ನಿನ್ನನ್ನು ಆ ಸ್ಥಿತಿಯಲ್ಲಿ ನಾವು ಯಾವಾಗ ನೋಡಿದೆವು? ಆ ನೆಪ ನಡೆಯುವುದಿಲ್ಲ. ಕಾಣದೇ ಹೋದದ್ದೇ ಅಪರಾಧ.

ಇದೇ ನೆಪವನ್ನು ಈ ದೇಶ ಇತ್ತೀಚೆಗೆ ಕೇಳಿತು. ರೋಬೋಡೆಟ್ ಹೆಸರು ಗೊತ್ತಿರಬಹುದು. ಅದು ನಡೆದ ಬಗೆ ಹೀಗೆ. ಸೆಂಟರ್‌ಲಿಂಕ್ ಭತ್ಯೆಯ ಲೆಕ್ಕ ಎರಡೆರಡು ವಾರಕ್ಕೆ. ತೆರಿಗೆ ಇಲಾಖೆಯ ಲೆಕ್ಕ ವರ್ಷಕ್ಕೆ. ಒಬ್ಬ ಹುಡುಗಿ ಆರು ತಿಂಗಳು ದುಡಿದು 26,000 ಡಾಲರ್ ಗಳಿಸಿದಳು, ಉಳಿದ ಆರು ತಿಂಗಳು ಕೆಲಸವಿಲ್ಲದೆ ಭತ್ಯೆ ಪಡೆದಳು ಅನ್ನಿ. ಯಂತ್ರ 26,000ವನ್ನು 26ರಿಂದ ಭಾಗಿಸಿತು. ವರ್ಷವಿಡೀ ಎರಡು ವಾರಕ್ಕೆ 1,000 ಡಾಲರ್ ಬಂದಿದೆ, ಹಾಗಾಗಿ ಭತ್ಯೆ ವಾಪಸ್ ಕೊಡು ಅಂದಿತು. ಅಲ್ಲ ಅನ್ನುವುದಾದರೆ ವರ್ಷಗಳ ಹಿಂದಿನ ಪೇ ಸ್ಲಿಪ್ ಹುಡುಕಿ ಅವಳೇ ರುಜುವಾತು ಮಾಡಬೇಕು.

ಸರಾಸರಿಯಿಂದ ಒಬ್ಬ ವ್ಯಕ್ತಿಯ ಯಾವುದೋ ಒಂದು ವಾರ ಹೇಗಿತ್ತು ಅಂತ ಹೇಳೋಕೆ ಆಗಲ್ಲ. ಇದು ಸ್ಟ್ಯಾಟಿಸ್ಟಿಕ್ಸ್‌ನ ಮೊದಲ ತಿಂಗಳ ಪಾಠ. ಸುಮಾರು 4.33 ಲಕ್ಷ ಜನರ ಮೇಲೆ 170 ಕೋಟಿ ಡಾಲರಿಗೂ ಹೆಚ್ಚು ಸಾಲ ಹೀಗೆ ಹೊರಿಸಿ, ಸುಮಾರು 75 ಕೋಟಿ ವಸೂಲಿ ಮಾಡಿದರು. 2019ರ ನವೆಂಬರಿನಲ್ಲಿ, ಫೆಡರಲ್ ಕೋರ್ಟಿನಲ್ಲಿದ್ದ ಒಂದು ಪ್ರಕರಣದಲ್ಲಿ, ಇಂಥ ಸಾಲಕ್ಕೆ ಕಾನೂನಿನ ಆಧಾರವಿಲ್ಲ ಅಂತ ಸರ್ಕಾರವೇ ಒಪ್ಪಿಕೊಂಡಿತು. ಆಮೇಲೆ ಕ್ವೀನ್ಸ್‌ಲ್ಯಾಂಡಿನ ನಿವೃತ್ತ ಮುಖ್ಯ ನ್ಯಾಯಮೂರ್ತಿ ಕ್ಯಾಥರೀನ್ ಹೋಮ್ಸ್ ಅವರ ರಾಯಲ್ ಕಮಿಷನ್ ಬ್ರಿಸ್ಬೇನ್‌ನಲ್ಲಿ ವಿಚಾರಣೆ ನಡೆಸಿತು. ಮಕ್ಕಳನ್ನು ಕಳೆದುಕೊಂಡ ಇಬ್ಬರು ತಾಯಂದಿರು ಅಲ್ಲಿ ಸಾಕ್ಷಿ ಹೇಳಿದರು. 2023ರ ಜುಲೈ 7ರಂದು ವರದಿ ಬಂತು. ಯೋಜನೆ ಹುಟ್ಟಿದಾಗ ಸಚಿವರಾಗಿದ್ದ ಸ್ಕಾಟ್ ಮಾರಿಸನ್ ಕೇಳಲೇಬೇಕಿದ್ದ ಪ್ರಶ್ನೆ ಕೇಳದೆ ಸಂಪುಟ ದಾರಿ ತಪ್ಪಲು ಬಿಟ್ಟರು ಅಂತ ವರದಿ ಹೇಳಿತು. ತಮ್ಮ ಕ್ರೈಸ್ತ ನಂಬಿಕೆಯನ್ನು ಎಂದೂ ಮುಚ್ಚಿಡದ ಮಾರಿಸನ್ ಅದನ್ನು ಒಪ್ಪಲಿಲ್ಲ. ಇಲಾಖೆಯ ಸಲಹೆಯಂತೆ ನಡೆದೆ ಅಂದರು. ಅವರ ಧರ್ಮಗ್ರಂಥದಲ್ಲಿ ಆ ಉತ್ತರಕ್ಕೆ ಮೊದಲೇ ಬೆಲೆ ಕಟ್ಟಿಯಾಗಿದೆ.

ಸಾಲದ ಮಾತೂ ಆ ಗ್ರಂಥದಲ್ಲಿದೆ. ಮತ್ತಾಯ 18ರಲ್ಲಿ ರಾಜ ತನ್ನ ಸೇವಕನ ಹತ್ತು ಸಾವಿರ ತಲಾಂತು ಸಾಲವನ್ನು ಬಿಟ್ಟುಕೊಡುತ್ತಾನೆ. ಅದೇ ಸೇವಕ ಹೊರಗೆ ಬಂದು, ತನಗೆ ನೂರು ದಿನಾರಿ ಕೊಡಬೇಕಿದ್ದವನ ಕುತ್ತಿಗೆ ಹಿಡಿದು ಸೆರೆಮನೆಗೆ ಹಾಕಿಸುತ್ತಾನೆ. ಒಂದು ತಲಾಂತು ಅಂದರೆ ಸುಮಾರು 6,000 ದಿನಾರಿ, ಒಂದು ದಿನಾರಿ ಅಂದರೆ ಒಂದು ದಿನದ ಕೂಲಿ. ಅಂದರೆ ಬಿಟ್ಟದ್ದು ಹಿಡಿದದ್ದರ ಆರು ಲಕ್ಷ ಪಟ್ಟು. ಹಳೇ ಕಥೆ ಅನ್ನಬೇಡಿ. ಪಶ್ಚಿಮ ಆಸ್ಟ್ರೇಲಿಯಾದಲ್ಲಿ 2014ರಲ್ಲಿ ಮಿಸ್ ಧು ಎಂಬ 22 ವರ್ಷದ ಮೂಲನಿವಾಸಿ ಮಹಿಳೆಯನ್ನು ಕಟ್ಟದ ದಂಡಕ್ಕಾಗಿ ಬಂಧಿಸಿದರು. ಮೊತ್ತ ನಾಲ್ಕು ಸಾವಿರ ಡಾಲರೂ ಇರಲಿಲ್ಲ. ಪೊಲೀಸ್ ವಶದಲ್ಲೇ ಆಕೆ ತೀರಿಕೊಂಡರು. ದಂಡ ಕಟ್ಟಲಿಲ್ಲ ಅಂತ ಜೈಲಿಗೆ ಹಾಕುವುದನ್ನು ಬಹುಮಟ್ಟಿಗೆ ನಿಲ್ಲಿಸುವ ಕಾನೂನು ಪರ್ತ್‌ನ ಸಂಸತ್ತಿನಲ್ಲಿ ಪಾಸಾದದ್ದು 2020ರಲ್ಲಿ.

‘ಮೋಸ ಮಾಡೋರನ್ನ ಹಿಡೀಬಾರದಾ?’ ಅಂತ ಕೇಳಬಹುದು. ಹಿಡಿಯಲಿ, ಆದರೆ ಮೊದಲು ರುಜುವಾತು ತೋರಿಸಲಿ. ಇದು ದಾನಧರ್ಮದ ಮಾತಲ್ಲ. ಲೂಕ 18ರ ವಿಧವೆ ಮೊಂಡ ನ್ಯಾಯಾಧೀಶನ ಬಾಗಿಲಿಗೆ ಮತ್ತೆ ಮತ್ತೆ ಹೋಗುವುದು ಭಿಕ್ಷೆಗಲ್ಲ, ನ್ಯಾಯಕ್ಕೆ. ಮತ್ತಾಯ 25ರ ‘ಸಹೋದರರು’ ಅಂದರೆ ಎಲ್ಲ ಬಡವರಾ, ಯೇಸುವಿನ ಶಿಷ್ಯರು ಮಾತ್ರವಾ ಅಂತ ಪಂಡಿತರು ಜಗಳ ಆಡ್ತಾರೆ, ನಿಜ. ಅಲ್ಲಿ ಬೆಂಕಿಯೂ ಇದೆ, ಅದನ್ನು ಅಳಿಸೋಕೆ ಆಗಲ್ಲ. ಆದರೆ ಆ ಬೆಂಕಿ ಯಾರಿಗೆ ಅಂತ ಓದಿ: ಕೊಡಬಹುದಾಗಿದ್ದೂ ಕೊಡದವರಿಗೆ.

ಈಗ ನಮ್ಮ ಮನೆಯ ಮಾತು. ‘ಟ್ಯಾಕ್ಸ್ ಕಟ್ಟೋದು ನಾವು, ಕೂತು ತಿನ್ನೋರು ಅವರು’ — ಹಬ್ಬದೂಟದ ಪಂಕ್ತಿಯಲ್ಲಿ ಈ ಮಾತು ಎಷ್ಟು ಸಲ ಕೇಳಿಲ್ಲ? ಹೊಸದಾಗಿ ಪಿ.ಆರ್. ಆದವರು ನಿರುದ್ಯೋಗ ಭತ್ಯೆಗೆ ಸಾಮಾನ್ಯವಾಗಿ ನಾಲ್ಕು ವರ್ಷ ಕಾಯಬೇಕು. ಹಾಗಾಗಿ ಸೆಂಟರ್‌ಲಿಂಕ್ ಕ್ಯೂ ನಮ್ಮ ಕಣ್ಣಿಗೆ ಬೀಳುವುದಿಲ್ಲ. ಅದೇ ಆಡುಗಳ ಉತ್ತರ: ನೋಡಲೇ ಇಲ್ಲವಲ್ಲ!

ಇಲ್ಲೇ ಹುಟ್ಟಿ ಕನ್ನಡ ಕಲಿಯುತ್ತಿರುವವರು ಒಂದು ಪದ ಗಮನಿಸಿ. ‘ತೀರ್ಪು’ ಬಂದಿರುವುದು ‘ತೀರು’ ಧಾತುವಿನಿಂದ. ಸಾಲ ತೀರುವುದೂ ಅದೇ ‘ತೀರು’. ರೋಬೋಡೆಟ್‌ನಲ್ಲಿ ಇಲ್ಲದ ಸಾಲವನ್ನು ಬಡವರು ತೀರಿಸಿದರು. ಅದನ್ನು ಹೊರಿಸಿದವರ ಲೆಕ್ಕ ಇನ್ನೂ ತೀರಿಲ್ಲ. ಮುಂದೆ ನಿಮ್ಮ ಟೀಮಿಗೆ ಇಂಥ ಕೆಲಸ ಬಂದರೆ, ಒಂದು ಸಾಲು ಕೋಡ್ ಬರೆಯುವ ಮೊದಲು ಕೇಳಿ: ತಪ್ಪಾದರೆ ಯಾರ ತಟ್ಟೆ ಖಾಲಿಯಾಗುತ್ತೆ? ರುಜುವಾತಿನ ಹೊರೆ ಯಾರ ಮೇಲೆ? ಆ ಕಡೆಯವರು ಫೋನ್ ಮಾಡಿದರೆ ಎತ್ತೋಕೆ ಮನುಷ್ಯರು ಇದ್ದಾರಾ? ಉತ್ತರ ಸಿಗದಿದ್ದರೆ ಕೆಲಸ ನಿಲ್ಲಿಸಿ, ಯಾಕೆ ನಿಲ್ಲಿಸಿದಿರಿ ಅಂತ ಈಮೇಲ್‌ನಲ್ಲಿ ಬರೆದಿಡಿ.