ಮರೆವಿಗೊಂದು ಮನೆ

“ರಾಯರೇ, ಹೊತ್ತು ಮುಳುಗುತ್ತ ಬಂತು. ಇನ್ನು ನನ್ನನ್ನು ಮನೆಗೆ ಕಳುಹಿಸಿಕೊಡಿ.”

ಎಂಬತ್ತಮೂರು ವರ್ಷದ ನನ್ನ ಅಜ್ಜಿ ಒಂದು ಸಂಜೆ ನನಗೆ ಹೇಳಿದ ಮಾತಿದು. ನಾನು ಅವರ ತೊಡೆಯ ಮೇಲೆ ಆಡಿ ಬೆಳೆದವನು. “ಮಗೂ” ಎಂದಲ್ಲದೆ ಬೇರೆ ಹೆಸರಿನಿಂದ ಅವರು ನನ್ನನ್ನು ಕರೆದವರಲ್ಲ. ಅಂದು ನಾನು ಯಾರೋ ಅಪರಿಚಿತ ರಾಯನಾದೆ. ನಮ್ಮ ಮನೆ ಅವರ ಪಾಲಿಗೆ ಯಾರದೋ ಮನೆಯಾಯಿತು. “ಅಜ್ಜೀ, ಇದೇ ನಿಮ್ಮ ಮನೆ, ನಾನು ನಿಮ್ಮ ಮೊಮ್ಮಗ” ಎಂದು ನಾನು ಸಾಧಿಸಿದಷ್ಟೂ ಅವರ ತಳಮಳ ಹೆಚ್ಚಿತು. ಆ ವಾರದಲ್ಲಿಯೇ ಒಂದು ರಾತ್ರಿ, ನಾವೆಲ್ಲರೂ ಊಟಕ್ಕೆ ಕುಳಿತಿದ್ದ ವೇಳೆಯಲ್ಲಿ, ಅವರು ಬಾಗಿಲು ತೆರೆದು ಹೊರಟುಹೋದರು. ಎರಡು ಗಂಟೆ ಹುಡುಕಿದ ಮೇಲೆ, ಬಸ್ಸಿನ ನಿಲ್ದಾಣದಲ್ಲಿ ಮುದುಡಿ ಕುಳಿತಿದ್ದ ಅವರನ್ನು ಕಂಡೆವು. ಮೈಸೂರಿನ ಬಸ್ಸಿಗಾಗಿ ಕಾಯುತ್ತಿದ್ದರಂತೆ.

“ಅರವತ್ತಕ್ಕೆ ಅರಳುಮರಳು” ಎಂಬ ಗಾದೆಯನ್ನು ನಾವು ನಗುನಗುತ್ತ ಹೇಳುತ್ತೇವೆ. ಆದರೆ ಈ ಮರೆವು ವಯಸ್ಸಿನ ಸಹಜಧರ್ಮವಲ್ಲ, ಮಿದುಳಿನ ರೋಗ. ಜರ್ಮನಿಯ ಫ್ರಾಂಕ್‌ಫರ್ಟ್ ನಗರದಲ್ಲಿ ೧೯೦೧ರಲ್ಲಿ ಐವತ್ತೊಂದು ವರ್ಷದ ಹೆಂಗಸೊಬ್ಬರಲ್ಲಿ ಇದನ್ನು ಕಂಡ ವೈದ್ಯ ಆಲೋಯಿಸ್ ಆಲ್‌ಝೈಮರ್, ೧೯೦೬ರಲ್ಲಿ ಆಕೆ ತೀರಿಕೊಂಡ ಮೇಲೆ ಮಿದುಳನ್ನು ಪರೀಕ್ಷಿಸಿ, ಅಲ್ಲಿಯ ವಿಕಾರಗಳನ್ನು ವಿದ್ವಾಂಸರ ಮುಂದಿಟ್ಟನು. ಡಿಮೆನ್ಷಿಯ ಎಂಬ ಮರೆವಿನ ರೋಗಗಳಲ್ಲಿ ಆತನ ಹೆಸರು ಹೊತ್ತ ರೋಗವೇ ಇಂದಿಗೂ ಹೆಚ್ಚು. ನಮ್ಮ ದೇಶದಲ್ಲಿ ಅರವತ್ತು ದಾಟಿದವರ ಪೈಕಿ ನೂರಕ್ಕೆ ೭.೪ ಮಂದಿ, ಎಂದರೆ ಸುಮಾರು ೮೮ ಲಕ್ಷ ಜನ, ಡಿಮೆನ್ಷಿಯಕ್ಕೆ ಒಳಗಾಗಿದ್ದಾರೆಂದು ೨೦೨೩ರಲ್ಲಿ ಪ್ರಕಟವಾದ ಅಧ್ಯಯನವೊಂದು ಅಂದಾಜು ಮಾಡಿದೆ. ಬಹುಪಾಲು ಮಂದಿಯನ್ನು ನೋಡಿಕೊಳ್ಳುತ್ತಿರುವುದು ಆಸ್ಪತ್ರೆಯಲ್ಲ, ಮನೆ. ಆದ್ದರಿಂದ ಆ ಮನೆ ಹೇಗಿರಬೇಕೆಂಬುದು ಔಷಧಿಯಷ್ಟೇ ಮುಖ್ಯವಾದ ಪ್ರಶ್ನೆ.

ನಮ್ಮ ತಪ್ಪು ನಮಗೆ ತಿಳಿದುದು ತಡವಾಗಿ. ತಾತನವರು ತೀರಿಕೊಂಡ ಮೇಲೆ, ಅಜ್ಜಿಯೊಬ್ಬರೇ ಇರಲಾರರೆಂದು ಮೈಸೂರಿನ ಮನೆಗೆ ಬೀಗ ಹಾಕಿ ಅವರನ್ನು ಬೆಂಗಳೂರಿಗೆ ಕರೆತಂದೆವು. ಅಲ್ಲಿ ಜಗಲಿಯಿತ್ತು, ನಡುಮನೆಯಿತ್ತು, ಹಿತ್ತಿಲಲ್ಲಿ ಬಾವಿ, ಅದರ ಪಕ್ಕದಲ್ಲಿ ಬಚ್ಚಲಮನೆ. ಐವತ್ತು ವರ್ಷ ನಡೆದ ಆ ದಾರಿಯನ್ನು ಅವರ ಕಾಲುಗಳೇ ಬಲ್ಲವಾಗಿದ್ದವು, ಬುದ್ಧಿಯನ್ನು ಕೇಳಬೇಕಾಗಿರಲಿಲ್ಲ. ಇಲ್ಲಿಯ ಮೂರನೆಯ ಅಂತಸ್ತಿನಲ್ಲಾದರೋ ಬಚ್ಚಲಿನ ಬಾಗಿಲಿಗೂ ಬಟ್ಟೆಯ ಬೀರುವಿನ ಬಾಗಿಲಿಗೂ ಒಂದೇ ಬಣ್ಣ. ರಾತ್ರಿ ಎದ್ದ ಅಜ್ಜಿ ಬೀರುವನ್ನು ತೆರೆದು ನಿಲ್ಲುತ್ತಿದ್ದರು. ಬೆಳಿಗ್ಗೆ ನಾವು ಬಟ್ಟೆಗಳನ್ನು ನೋಡಿ ಮುಖ ಸಿಂಡರಿಸುತ್ತಿದ್ದೆವು. ಮನೆ ಮಾಡಿದ ತಪ್ಪಿಗೆ ಬೈಸಿಕೊಂಡವರು ಅಜ್ಜಿ.

“ನಿಮ್ಮ ಅಜ್ಜಿಯನ್ನು ತಿದ್ದುವುದನ್ನು ಬಿಡಿ; ಮನೆಯನ್ನು ತಿದ್ದಿ” ಎಂದರು ವೈದ್ಯರು. ಮೊದಲು ರಕ್ತಪರೀಕ್ಷೆ ಮಾಡಿಸಿದರು. ಥೈರಾಯ್ಡಿನ ದೋಷದಿಂದಾಗಲಿ, ಬಿ-೧೨ ಜೀವಸತ್ವದ ಕೊರತೆಯಿಂದಾಗಲಿ ಬರುವ ಮರೆವು ಚಿಕಿತ್ಸೆಗೆ ಬಗ್ಗುವುದುಂಟು. ಎರಡು ಮೂರು ದಿನಗಳಲ್ಲಿಯೇ ಗೊಂದಲ ಥಟ್ಟನೆ ಹೆಚ್ಚಿದರೆ, ಮೂತ್ರದ ಸೋಂಕೋ ಹೊಸ ಮಾತ್ರೆಯೋ ಕಾರಣವಿರಬಹುದು. ಕೂಡಲೇ ವೈದ್ಯರಿಗೆ ತೋರಿಸಬೇಕು. ಅಜ್ಜಿಯದು ಹಾಗೆ ಗುಣವಾಗುವ ಮರೆವಲ್ಲವೆಂದು ತಿಳಿದ ಮೇಲೆ, ನಾವು ಮನೆಯನ್ನು ತಿದ್ದತೊಡಗಿದೆವು.

ಬಚ್ಚಲಿನ ಬಾಗಿಲಿಗೆ ಹಳದಿ ಬಣ್ಣ ಬಳಿಸಿ, ತಂಬಿಗೆಯ ಚಿತ್ರವೊಂದನ್ನು ಅವರ ಕಣ್ಣಿನ ಮಟ್ಟಕ್ಕೆ ಅಂಟಿಸಿದೆವು. ರಾತ್ರಿಯೆಲ್ಲ ಒಳಗೆ ಸಣ್ಣ ದೀಪವುರಿಯುವಂತೆ ಮಾಡಿ, ಬಾಗಿಲನ್ನು ತೆರೆದೇ ಇಟ್ಟೆವು. ಗೋಡೆಗೆ ಹಿಡಿಗಂಬಿ ಬಂತು. ಹೊಸ್ತಿಲ ಬಳಿಯ ಕಪ್ಪು ಕಾಲೊರಸನ್ನು ತೆಗೆದೆವು. ಅದನ್ನು ಗುಂಡಿಯೆಂದು ಭ್ರಮಿಸಿ ಅವರು ಹೆಜ್ಜೆಯಿಡಲು ಹೆದರುತ್ತಿದ್ದರು. ಥಳಥಳಿಸುವ ನೆಲವೂ ಇಂಥವರಿಗೆ ನೀರಿನಂತೆ ಕಾಣುವುದುಂಟು. ಕನ್ನಡಿಯಲ್ಲಿ ಯಾರೋ ಮುದುಕಿ ನಿಂತಿದ್ದಾಳೆಂದು ಅವರು ಬೆದರಿದುದರಿಂದ ಕನ್ನಡಿಗೆ ಪರದೆ ಹಾಕಿದೆವು. ಅಡುಗೆಯ ಅನಿಲವನ್ನು ಕೆಲಸವಾದೊಡನೆ ಸಿಲಿಂಡರಿನ ಬಳಿಯೇ ನಿಲ್ಲಿಸುವ ರೂಢಿ ಮಾಡಿಕೊಂಡೆವು. ಮಾತ್ರೆಗಳು ಬೀಗದೊಳಗೆ ಹೋದವು. ಮುಂಬಾಗಿಲಿಗೆ ಕಟ್ಟಿದ ಗಂಟೆ, ಅದು ತೆರೆದಾಗಲೆಲ್ಲ ನಮ್ಮನ್ನು ಎಚ್ಚರಿಸುತ್ತದೆ. ಅವರ ಕೊರಳ ಸರದಲ್ಲಿ ನಮ್ಮ ದೂರವಾಣಿಯ ಸಂಖ್ಯೆ ಕೆತ್ತಿದ ಪುಟ್ಟ ಬಿಲ್ಲೆಯಿದೆ.

ಊಟದ ವಿಷಯದಲ್ಲಿ ನಮಗೆ ಪಾಠ ಕಲಿಸಿದುದು ಒಂದು ಹಬ್ಬ. ಬಿಳಿಯ ಪಿಂಗಾಣಿ ತಟ್ಟೆಯಲ್ಲಿ ಬಿಳಿಯ ಮೊಸರನ್ನವನ್ನು ಅರ್ಧಕ್ಕೇ ಬಿಡುತ್ತಿದ್ದ ಅಜ್ಜಿ, ಹಬ್ಬದ ದಿನ ಬಾಳೆಯೆಲೆಯ ಮೇಲೆ ಬಡಿಸಿದುದನ್ನೆಲ್ಲ ಉಂಡರು. ಹಸಿರಿನ ಮೇಲೆ ಅನ್ನ ಎದ್ದು ಕಂಡಿತ್ತು! ಬಣ್ಣಬಣ್ಣಗಳ ನಡುವಣ ಅಂತರವನ್ನು ಗುರುತಿಸುವ ಶಕ್ತಿ ಈ ರೋಗದಲ್ಲಿ ಕುಂದುವುದುಂಟೆಂದು ವೈದ್ಯರು ಆಮೇಲೆ ವಿವರಿಸಿದರು. ಈಗ ಅವರಿಗೆ ಗಾಢ ಬಣ್ಣದ ತಟ್ಟೆ.

ಇದೇ ತತ್ತ್ವದ ಮೇಲೆ ಒಂದು ಕೇರಿಯನ್ನೇ ಕಟ್ಟಿದವರಿದ್ದಾರೆ. ನೆದರ್ಲೆಂಡ್ಸ್ ದೇಶದ ಆಂಸ್ಟರ್‌ಡ್ಯಾಮ್ ನಗರಕ್ಕೆ ಸಮೀಪದ ವೇಸ್ಪ್‌ನಲ್ಲಿ ೨೦೦೯ರಲ್ಲಿ ಆರಂಭವಾದ ಹೋಗೆವೈಕ್ ಎಂಬಲ್ಲಿ, ತೀವ್ರ ಮರೆವಿನವರು ಆರೇಳು ಮಂದಿಯಂತೆ ಒಂದೊಂದು ಮನೆಯಲ್ಲಿ ವಾಸಿಸುತ್ತಾರೆ. ಅಂಗಡಿ, ಹೋಟೆಲು, ತೋಟ, ಓಣಿಗಳು ಎಲ್ಲವೂ ಆವರಣದೊಳಗೇ ಉಂಟು. ಶುಶ್ರೂಷೆ ಮಾಡುವವರು ಬಿಳಿಯ ಸಮವಸ್ತ್ರ ಧರಿಸುವುದಿಲ್ಲ, ಮನೆಯವರಂತೆಯೇ ಓಡಾಡುತ್ತಾರೆ. ಅಷ್ಟು ವೆಚ್ಚದ ಏರ್ಪಾಡು ನಮಗೆಲ್ಲಿಂದ ಬರಬೇಕು ಎನ್ನಬೇಡಿ. ಅದರ ತಿರುಳಿಗೆ ಹಣ ಬೇಕಿಲ್ಲ: ರೋಗಿಯಾದವರು ಮನೆಯ ಮನುಷ್ಯರಾಗಿಯೇ ಉಳಿಯಬೇಕು, ಅವರಿಗೊಂದು ಕೆಲಸವಿರಬೇಕು.

ಹೆಸರುಗಳು ಮರೆತರೂ ಕೈ ಕಲಿತುದು ಬೇಗ ಮರೆಯುವುದಿಲ್ಲ. ಅಜ್ಜಿಗೆ ತಿಂಗಳ ಹೆಸರು ಗೊತ್ತಿಲ್ಲ. ಆದರೆ ಮೊರದ ತುಂಬ ಅವರೆಕಾಯಿ ಮುಂದಿಟ್ಟರೆ ಒಂದೂ ಹುಳುಕಿಲ್ಲದಂತೆ ಸುಲಿದುಕೊಡುತ್ತಾರೆ. ಸಂಜೆಯಾಗುವ ಮುನ್ನವೇ ದೀಪಗಳನ್ನೆಲ್ಲ ಹಚ್ಚಿ, ಮಲ್ಲಿಗೆಯನ್ನೂ ದಾರವನ್ನೂ ಅವರ ಮುಂದಿಡುತ್ತೇವೆ. ತಳಮಳದ ಹೊತ್ತು ಹೂ ಕಟ್ಟುತ್ತ ಕಳೆಯುತ್ತದೆ. ಮನೆಗೆ ಹೋಗಬೇಕೆಂದಾಗ ಈಗ ನಾನು ವಾದಿಸುವುದಿಲ್ಲ. “ನಿಮ್ಮ ಮನೆಯಲ್ಲಿ ಏನೇನಿತ್ತು?” ಎಂದು ಕೇಳುತ್ತೇನೆ. ಬಾವಿ, ಹಿತ್ತಿಲು, ಹಂಡೆಯ ನೀರು ಒಂದೊಂದಾಗಿ ಮಾತಿಗೆ ಬರುತ್ತವೆ.

ಎಲ್ಲವೂ ಸರಿಹೋಯಿತೆಂದು ಹೇಳಿದರೆ ಸುಳ್ಳಾದೀತು. ರೋಗ ಮುಂದುವರಿಯುತ್ತಿದೆ. ಹಗಲೆಲ್ಲ ಅವರ ಬೆನ್ನ ಹಿಂದಿರುವ ನನ್ನ ತಾಯಿಯೂ ದಣಿಯುತ್ತಾರೆ. ವಾರಕ್ಕೊಂದು ಮಧ್ಯಾಹ್ನ ಆಕೆ ತಂಗಿಯ ಮನೆಗೆ ಹೋಗುತ್ತಾರೆ, ಅಂದು ಅಜ್ಜಿ ನನ್ನ ಪಾಲಿಗೆ. ನೋಡಿಕೊಳ್ಳುವವರಿಗೆ ಬಿಡುವು ಕೊಡದ ಮನೆ ಬಹಳ ಕಾಲ ನಿಲ್ಲಲಾರದು.

ನಾನು ಅಜ್ಜಿಗೆ ಮತ್ತೆ “ಮಗು” ಆಗಲಿಲ್ಲ, ರಾಯನೇ ಆಗಿದ್ದೇನೆ. ಆದರೆ ಕಳೆದ ವಾರ ಕಟ್ಟಿ ಮುಗಿಸಿದ ಹೂವಿನ ಮಾಲೆಯನ್ನು ನನ್ನ ಕೈಗಿತ್ತು, ಕೋಣೆಯನ್ನೆಲ್ಲ ಒಮ್ಮೆ ನೋಡಿ ಅವರೆಂದರು:

“ರಾಯರೇ, ನಿಮ್ಮ ಮನೆ ಚೆನ್ನಾಗಿದೆ. ಇವತ್ತು ನಾನು ಇಲ್ಲಿಯೇ ಇರುತ್ತೇನೆ.”