ಅವಲೋಕನ ನಮೂನೆಯಲ್ಲಿ ಇಲ್ಲದ ಅವಧಿ

ಅಭ್ಯಾಸ ಬೋಧನೆ ಮುಗಿಸಿ ಬಂದ ಪ್ರಶಿಕ್ಷಣಾರ್ಥಿಗಳ ಅವಲೋಕನ ಪುಸ್ತಕಗಳನ್ನು ಪ್ರತಿ ವರ್ಷ ನೋಡುತ್ತೇನೆ. ಪೀಠಿಕೆ, ಕಪ್ಪುಹಲಗೆಯ ಬಳಕೆ, ಪ್ರಶ್ನೆ ಕೇಳುವ ಕ್ರಮ, ಎಲ್ಲಕ್ಕೂ ಅಂಕಣಗಳಿವೆ. ಬಿಸಿಯೂಟದ ಹೊತ್ತಿಗೆ ಮಾತ್ರ ಏನೂ ಇಲ್ಲ. ಆಗ ನಮ್ಮವರು ಶಿಕ್ಷಕರ ಕೊಠಡಿಯಲ್ಲಿ ಬುತ್ತಿ ಬಿಚ್ಚಿಕೊಂಡು ಮುಂದಿನ ಪಾಠದ ಚಾರ್ಟು ಬರೆಯುತ್ತಿರುತ್ತಾರೆ. ಒಂದು ಅವಲೋಕನವನ್ನಾದರೂ ಮಕ್ಕಳ ಊಟದ ಸಾಲಿನ ಪಕ್ಕ ಕೂತು ಬರೆಯಬೇಕು ಎಂಬುದು ನನ್ನ ವಾದ.

ಬಡಿಸುವ ಮೊದಲು ಶಿಕ್ಷಕರು ಅಡುಗೆಯ ರುಚಿ ನೋಡಿ ವಹಿಯಲ್ಲಿ ಸಹಿ ಹಾಕುತ್ತಾರೆ. ಅದು ಬೇಕೇಬೇಕು. ಆದರೆ ಬಡಿಸಿದ್ದನ್ನು ಯಾರಿಗೆ ತಿನ್ನಲು ಆಗಲಿಲ್ಲ ಎಂದು ಬರೆಯುವ ವಹಿ ಯಾವ ಶಾಲೆಯಲ್ಲೂ ನನಗೆ ಕಂಡಿಲ್ಲ. 1ರಿಂದ 5ನೇ ತರಗತಿಯ ಮಗುವಿಗೆ ದಿನಕ್ಕೆ 100 ಗ್ರಾಂ ಧಾನ್ಯ, ಊಟದಿಂದ 450 ಕ್ಯಾಲೊರಿ, 12 ಗ್ರಾಂ ಪ್ರೋಟೀನ್ ಎಂಬುದು ಯೋಜನೆಯ ಲೆಕ್ಕ. ಅದು ತಟ್ಟೆಯವರೆಗಿನ ಲೆಕ್ಕ. ತಟ್ಟೆಯಿಂದ ಹೊಟ್ಟೆಗೆ ಹೋಗುವ ದಾರಿ ಎಲ್ಲ ಮಕ್ಕಳಿಗೂ ಒಂದೇ ಅಲ್ಲ. ಸೆರೆಬ್ರಲ್ ಪಾಲ್ಸಿ ಇರುವ ಮಗುವಿಗೆ ನಾಲಿಗೆ, ದವಡೆ ಹೇಳಿದ ಮಾತು ಕೇಳದಿರಬಹುದು. ಆಟಿಸಂ ಇರುವ ಮಗುವಿಗೆ ಬೆಂಡೆಕಾಯಿಯ ಲೋಳೆಯೋ ಒಗ್ಗರಣೆಯ ವಾಸನೆಯೋ ತಡೆಯಲಾರದಷ್ಟು ಹಿಂಸೆ ಕೊಡಬಹುದು. ನಾವು ಇದಕ್ಕೆಲ್ಲ ಇಟ್ಟಿರುವ ಹೆಸರು ಒಂದೇ: ಹಟ.

ಕಳೆದ ಸಾಲಿನಲ್ಲಿ ನಾನು ಮೇಲ್ವಿಚಾರಣೆಗೆ ಹೋಗಿದ್ದ ಶಾಲೆಯಲ್ಲಿ, ನಡಿಗೆಯಲ್ಲಿ ತುಸು ತೊಡಕಿದ್ದ ಮೂರನೇ ತರಗತಿಯ ಹುಡುಗಿಯೊಬ್ಬಳು ಅರ್ಧ ಊಟ ಬಿಟ್ಟೇಳುತ್ತಿದ್ದಳು. ಮನೆಯಲ್ಲಿ ಮುದ್ದು ಜಾಸ್ತಿ ಎಂದರು ಶಿಕ್ಷಕರು. ಅಡುಗೆಯಾಕೆ ಹೇಳಿದ್ದೇ ಬೇರೆ: "ಪೊಂಗಲ್ ಮಾಡಿದ ದಿನ ತಟ್ಟೆ ಖಾಲಿ ಮಾಡ್ತಾಳೆ ಸಾರ್. ತಿಳಿ ಸಾಂಬಾರಿನ ದಿನ ಕೆಮ್ಮಿ ಕೆಮ್ಮಿ ಕಣ್ಣಲ್ಲಿ ನೀರು." ಆ ಇಡೀ ತಿಂಗಳಿನ ಅತ್ಯುತ್ತಮ ಅವಲೋಕನ ಅದು. ಅನ್ನ ಇನ್ನೂ ಬಾಯಲ್ಲಿರುವಾಗಲೇ ತೆಳುವಾದ ಸಾರು ಗಂಟಲಿಗೆ ಇಳಿದುಬಿಡುತ್ತದೆ. ನುಂಗುವ ಹಿಡಿತ ಸಡಿಲವಿದ್ದವರಿಗೆ ಎರಡನ್ನೂ ಒಟ್ಟಿಗೆ ಸಂಭಾಳಿಸುವುದು ಕಷ್ಟ. ಸಾರು ಶ್ವಾಸನಾಳದತ್ತ ಜಾರುವ ಅಪಾಯವಿದೆ. ಮತ್ತೆಮತ್ತೆ ಹಾಗಾದರೆ ನ್ಯುಮೋನಿಯಾದವರೆಗೂ ಹೋಗಬಹುದು. ಅಂಥ ಮಗುವಿಗೆ "ಬೇಗ ಬೇಗ ತಿನ್ನು, ತಟ್ಟೆಯಲ್ಲಿ ಬಿಡಬೇಡ" ಎಂದು ತಲೆಯ ಮೇಲೆ ನಿಲ್ಲುವುದು ಶಿಸ್ತಲ್ಲ, ಅಪಾಯ.

"ನಾವೇನು ಥೆರಪಿಸ್ಟರೇ ಸಾರ್?" ಎಂದು ಪ್ರಶಿಕ್ಷಣಾರ್ಥಿಗಳು ಕೇಳುತ್ತಾರೆ. ಅಲ್ಲ, ಆಗಲೂ ಬಾರದು. ವಿಡಿಯೊ ನೋಡಿ ಮಗುವಿನ ಬಾಯಿಗೆ ವ್ಯಾಯಾಮ ಮಾಡಿಸಲು ಹೊರಡುವವರನ್ನು ಕಂಡರೆ ನನಗೆ ಭಯ. ನುಂಗುವಿಕೆಯನ್ನು ಪರೀಕ್ಷಿಸುವುದು ಅದಕ್ಕೆಂದೇ ತರಬೇತಾದ ವಾಕ್ ಚಿಕಿತ್ಸಕರ ಕೆಲಸ. ಆ ತಜ್ಞರನ್ನು ತಯಾರಿಸುವ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ 1965ರಿಂದ ನಮ್ಮ ಮೈಸೂರಿನಲ್ಲೇ ಇದೆ. ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ವೈದ್ಯ ತಂಡ ಶಾಲೆಗೇ ಬರುತ್ತದೆ. ಆದರೆ ತಂಡ ಬಂದ ದಿನ ಯಾವ ಮಗುವನ್ನು ಮುಂದೆ ನಿಲ್ಲಿಸಬೇಕು ಎಂಬುದು ದಿನಾ ನೋಡಿದವರಿಗೆ ಮಾತ್ರ ಗೊತ್ತು. ಊಟದ ನಡುವೆ ಕೆಮ್ಮು, ನುಂಗಿದ ಮೇಲೆ ಗೊರಗೊರ ದನಿ, ಕೆನ್ನೆಯಲ್ಲೇ ಉಳಿದ ತುತ್ತು, ಪದೇಪದೇ ಎದೆಯ ಸೋಂಕಿನ ರಜೆ: ಇವನ್ನು ದಿನಾಂಕ ಹಾಕಿ ಬರೆದಿಟ್ಟರೆ ವೈದ್ಯರಿಗೆ ಅದೇ ದೊಡ್ಡ ನೆರವು.

ಅಲ್ಲಿಯವರೆಗೆ ಕೈಯಲ್ಲಾಗುವ ಕೆಲಸವೂ ಇದೆ. ನೆಲದ ಮೇಲೆ ಚಕ್ಕಳಮಕ್ಕಳ ಹಾಕಿದರೆ ವಾಲುವ ಮಗುವನ್ನು, ಪಾದ ನೆಲಕ್ಕೆ ಊರುವಂತೆ ಗೋಡೆಗೆ ಒರಗುವ ಗಿಡ್ಡ ಬೆಂಚಿನ ಮೇಲೆ ಕೂರಿಸಬಹುದು. ಕತ್ತು ಹಿಂದಕ್ಕೆ ಬಾಗಿಸಿ ಬಾಯಿಗೆ ಸುರಿಯಬಾರದು. ಏನು ತಿಂದರೆ ಸಲೀಸು ಎಂದು ತಾಯಿಯನ್ನು ಕೇಳಬೇಕು. ಆಕೆಗೆ ಗೊತ್ತಿರುತ್ತದೆ, ಯಾರೂ ಕೇಳಿರುವುದಿಲ್ಲ. ಎಲ್ಲಕ್ಕಿಂತ ಮೊದಲು, ಗಂಟೆ ಹೊಡೆದರೂ ಆ ಮಗುವಿಗೆ ಹತ್ತು ನಿಮಿಷ ಹೆಚ್ಚು ಕೊಡಬೇಕು.

ಅವಲೋಕನದ ಸಂಖ್ಯೆ ಈಗಲೇ ಹೆಚ್ಚು ಎಂಬ ಸಹೋದ್ಯೋಗಿಗಳ ಆಕ್ಷೇಪ ನಿಜ. ಹಾಗಾದರೆ ಸಹಪಾಠಿಯ ಪಾಠ ನೋಡಿ "ಧ್ವನಿ ಚೆನ್ನಾಗಿತ್ತು" ಎಂದು ಬರೆಯುವ ಹಾಳೆಗಳಲ್ಲಿ ಒಂದನ್ನು ತೆಗೆಯೋಣ. ಮುಂದಿನ ಸಾಲಿನ ನಮೂನೆ ಅಚ್ಚಿಗೆ ಹೋಗುವ ಮುನ್ನ ನಡೆಯುವ ಮೇಲ್ವಿಚಾರಕರ ಸಭೆಯಲ್ಲಿ ಇದನ್ನೇ ಕೇಳಲಿದ್ದೇನೆ.