ಹೊಸ್ತಿಲ ಹೊರಗಿನ ನ್ಯಾಯ

ಮಗನಿಗೋ ಅಳಿಯನಿಗೋ ಅಮೆರಿಕದಲ್ಲಿ ಕೆಲಸ ಮಾಡಲು ವೀಸಾ ದೊರೆಯಿತೆಂದರೆ ನಮ್ಮ ಮನೆಗಳಲ್ಲಿ ಅರ್ಧ ಮದುವೆಯ ಸಂಭ್ರಮ. ರಹದಾರಿಯ ಪುಟಕ್ಕೆ ಅಂಟಿಸಿದ ಆ ಚೀಟಿಯೇ ದೇಶದೊಳಕ್ಕೆ ಕಾಲಿಡುವ ಹಕ್ಕೆಂದು ಬಹುಮಂದಿಯ ಭಾವನೆ. ಅದು ಹಕ್ಕಲ್ಲ, ಅಲ್ಲಿನ ಬಾಗಿಲವರೆಗೆ ಹೋಗಿ ಕದ ತಟ್ಟಲು ಕೊಟ್ಟ ಅಪ್ಪಣೆ ಮಾತ್ರ. ಒಳಗೆ ಬಿಡುವುದು, ಬಿಡದಿರುವುದು ಬಾಗಿಲಲ್ಲಿ ಕುಳಿತ ಅಧಿಕಾರಿಗೆ ಸೇರಿದ್ದು. ಬಿಡದೆಹೋದರೆ ಏಕೆಂದು ಕೇಳುವ ಅಧಿಕಾರ ಪ್ರಯಾಣಿಕನಿಗೆ ಎಷ್ಟರಮಟ್ಟಿಗೆ ಇದೆ? ಆ ದೇಶದ ಸರ್ವೋಚ್ಚ ನ್ಯಾಯಾಲಯವು 1950ರಲ್ಲಿ ಕೊಟ್ಟ ಉತ್ತರ ಇಂದಿಗೂ ಅಳಿದಿಲ್ಲ.

ಎಲೆನ್ ಕ್ನೌಫ್ ಎಂಬಾಕೆ ಜರ್ಮನಿಯಲ್ಲಿ ಹುಟ್ಟಿದವಳು. ಹಿಟ್ಲರನ ಕಾಲದಲ್ಲಿ ನಿರಾಶ್ರಿತಳಾಗಿ ಇಂಗ್ಲೆಂಡನ್ನು ಸೇರಿ, ಯುದ್ಧದ ದಿನಗಳಲ್ಲಿ ಬ್ರಿಟಿಷ್ ವಾಯುಪಡೆಯಲ್ಲಿ ದುಡಿದಳು. ಯುದ್ಧ ಮುಗಿದ ಮೇಲೆ ಜರ್ಮನಿಯಲ್ಲಿದ್ದ ಅಮೆರಿಕದ ಸೇನಾ ಇಲಾಖೆಯಲ್ಲಿ ನೌಕರಿ ಹಿಡಿದಳು. ಮೇಲಿನವರು ಆಕೆಯ ಕೆಲಸವನ್ನು ಮೆಚ್ಚಿಯೇ ಬರೆದಿದ್ದರು. 1948ರಲ್ಲಿ, ಸೇನಾಧಿಪತಿಯ ಅನುಮತಿಯನ್ನೂ ಪಡೆದು, ಅಮೆರಿಕದ ಮಾಜಿ ಯೋಧನೊಬ್ಬನ ಕೈಹಿಡಿದಳು. ಯೋಧರ ಮಡದಿಯರಿಗೆ ಪ್ರವೇಶವನ್ನು ಸುಲಭಗೊಳಿಸುವ ಕಾಯಿದೆ 1945ರಲ್ಲಿಯೇ ಆಗಿತ್ತು. ಆಗಸ್ಟ್ ತಿಂಗಳಲ್ಲಿ ಆಕೆಯ ಹಡಗು ನ್ಯೂಯಾರ್ಕನ್ನು ಮುಟ್ಟಿತು. ಗಂಡನ ಮನೆ ಸೇರಬೇಕಾದವಳು ಬಂದರಿನ ಎಲ್ಲಿಸ್ ದ್ವೀಪದಲ್ಲಿ ಬಂಧಿತಳಾದಳು.

ಆಕೆ ಒಳಗೆ ಬಂದರೆ ದೇಶದ ಹಿತಕ್ಕೆ ಬಾಧಕವಂತೆ. ಆಧಾರವೇನೆಂದರೆ, ಅದು ಗುಟ್ಟು. ಆರೋಪವೇನೆಂದು ಆಕೆಗೆ ತಿಳಿಸಲಿಲ್ಲ, ವಿಚಾರಣೆಯನ್ನೂ ನಡೆಸಲಿಲ್ಲ. ಮೊಕದ್ದಮೆ ಸರ್ವೋಚ್ಚ ನ್ಯಾಯಾಲಯದವರೆಗೆ ಏರಿತು. ನಾಲ್ವರು ನ್ಯಾಯಮೂರ್ತಿಗಳು ಸರ್ಕಾರದ ಪರ, ಮೂವರು ವಿರುದ್ಧ. ಬಾಗಿಲಲ್ಲಿ ನಿಂತ ಪರದೇಶೀಯರಿಗೆ ಶಾಸನಸಭೆ ಯಾವ ಕ್ರಮವನ್ನು ವಿಧಿಸಿದೆಯೋ ಅದೇ ಅವರ ಪಾಲಿನ ನ್ಯಾಯಕ್ರಮ ಎಂಬುದು ತೀರ್ಪಿನ ಸಾರ. ಭಿನ್ನಾಭಿಪ್ರಾಯ ಬರೆದವರಲ್ಲಿ ರಾಬರ್ಟ್ ಜ್ಯಾಕ್ಸನ್ ಒಬ್ಬರು. ನ್ಯೂರೆಂಬರ್ಗಿನಲ್ಲಿ ನಾಜಿ ನಾಯಕರ ಮೇಲೆ ಅಮೆರಿಕದ ಪರವಾಗಿ ಮೊಕದ್ದಮೆ ನಡೆಸಿದವರು ಇವರೇ. ಆ ನಾಯಕರಿಗೂ ಆರೋಪಪಟ್ಟಿ ಇತ್ತು, ವಕೀಲರಿದ್ದರು, ಬಹಿರಂಗ ವಿಚಾರಣೆಯಿತ್ತು. ಯೋಧನ ಹೆಂಡತಿಗೆ ಮಾತ್ರ ಯಾವುದೂ ಇರಲಿಲ್ಲ.

ಅಷ್ಟಕ್ಕೇ ಕಥೆ ಮುಗಿಯಲಿಲ್ಲ. ಪತ್ರಿಕೆಗಳು ಕೂಗೆಬ್ಬಿಸಿದವು, ಶಾಸನಸಭೆಯ ಸದಸ್ಯರು ಕೈಹಾಕಿದರು. 1950ರ ಮೇ ತಿಂಗಳಲ್ಲಿ ಆಕೆಯನ್ನು ವಿಮಾನದಲ್ಲಿ ಹೊರಗೆ ಸಾಗಿಸಲು ಸಿದ್ಧತೆ ನಡೆದಿದ್ದಾಗ, ಜ್ಯಾಕ್ಸನ್ನರ ತಡೆಯಾಜ್ಞೆ ಬಂದಿತು. ಕಡೆಗೆ 1951ರಲ್ಲಿ ವಿಚಾರಣೆ ನಡೆಯಿತು. ಮೊದಲ ಮಂಡಲಿ ಆಕೆಯ ವಿರುದ್ಧವೇ ಹೇಳಿತು. ಮೇಲ್ಮನವಿಯ ಮಂಡಲಿಯು ಸಾಕ್ಷ್ಯವನ್ನು ಜರಡಿಯಾಡಿ ನೋಡಿದಾಗ ಉಳಿದದ್ದು ಅವರಿವರ ಬಾಯಿಂದ ಕೇಳಿದ ಮಾತು. ಮೂರು ವರ್ಷ ಗುಟ್ಟೆಂದು ಕಾಪಾಡಿದ್ದು ಇದನ್ನು! ಆ ನವೆಂಬರಿನಲ್ಲಿ ಆಕೆಗೆ ಪ್ರವೇಶ ದೊರಕಿತು.

ಇಗ್ನಾಟ್ಸ್ ಮೆಜೈ ಎಂಬಾತನ ಪಾಡು ಇನ್ನೂ ವಿಚಿತ್ರ. ಅಮೆರಿಕದಲ್ಲಿ ಇಪ್ಪತ್ತೈದು ವರ್ಷ ಬಾಳಿದವನು ಸಾಯುತ್ತಿದ್ದ ತಾಯಿಯನ್ನು ಕಾಣಲು 1948ರಲ್ಲಿ ಯೂರೋಪಿಗೆ ಹೋದ. ರುಮೇನಿಯ ಅವನನ್ನು ಒಳಗೆ ಬಿಡಲಿಲ್ಲ. 1950ರಲ್ಲಿ ವೀಸಾ ಹಿಡಿದೇ ಮರಳಿದಾಗ ಅಮೆರಿಕವೂ ಬಿಡಲಿಲ್ಲ. ಫ್ರಾನ್ಸ್, ಬ್ರಿಟನ್ ಎರಡೂ ಅವನನ್ನು ತಿರುಗಿ ಅಟ್ಟಿದವು. ಎಲ್ಲಿಗೂ ಹೋಗಲಾರದವನನ್ನು ವಿಚಾರಣೆಯಿಲ್ಲದೆ ದ್ವೀಪದಲ್ಲಿ ಇಟ್ಟುಕೊಳ್ಳಬಹುದೆಂದು 1953ರಲ್ಲಿ ಐದಕ್ಕೆ ನಾಲ್ಕರಂತೆ ತೀರ್ಪಾಯಿತು. ಅವನ ಕಾಲು ಅಮೆರಿಕದ ನೆಲದ ಮೇಲಿದ್ದರೂ ಕಾನೂನಿನ ಕಣ್ಣಿಗೆ ಅವನು ಹೊಸ್ತಿಲ ಹೊರಗಿದ್ದ. 1954ರಲ್ಲಿ ಷರತ್ತಿನ ಮೇಲೆ ಅವನನ್ನು ಬಿಟ್ಟರು. ಅದೇ ವರ್ಷ ದ್ವೀಪದ ಠಾಣೆಯೂ ಮುಚ್ಚಿತು.

ಠಾಣೆ ಮುಚ್ಚಿದರೂ ತತ್ತ್ವ ಉಳಿಯಿತು. ಗಡಿ ದಾಟಿ ಇಪ್ಪತ್ತೈದು ಗಜದೊಳಗೆ ಸಿಕ್ಕಿಬಿದ್ದ ಶ್ರೀಲಂಕಾದ ತಮಿಳನೊಬ್ಬ ಆಶ್ರಯ ಬೇಡಿದ ಮೊಕದ್ದಮೆಯಲ್ಲಿ, 2020ರಲ್ಲಿ, ಅದೇ ನ್ಯಾಯಾಲಯ ಅದೇ ಮಾತನ್ನು ಎತ್ತಿಹಿಡಿಯಿತು. ಕೆಲಸದ ಮೇಲೆ ಹೋಗುವವರಿಗೆ ಹೆಚ್ಚು ತಾಗುವುದು 1996ರ ಕಾಯಿದೆ. ಕಾಗದಪತ್ರ ಸರಿಯಿಲ್ಲವೆಂದೋ, ಸುಳ್ಳು ಹೇಳಿದನೆಂದೋ ಅಧಿಕಾರಿಗೆ ತೋರಿದರೆ, ಮೇಲಧಿಕಾರಿಯ ಒಪ್ಪಿಗೆ ಪಡೆದು, ನ್ಯಾಯಾಧೀಶರ ಮುಖವನ್ನೇ ತೋರಿಸದೆ ಹಿಂದಕ್ಕೆ ಕಳುಹಿಸಬಹುದು. ಕನಿಷ್ಠ ಐದು ವರ್ಷ ಮತ್ತೆ ಆ ಕಡೆ ತಲೆಹಾಕುವಂತಿಲ್ಲ. ನಿಲ್ದಾಣದ ತಪಾಸಣೆಯಲ್ಲಿ ವಕೀಲರನ್ನು ಕೂಡಿಸಿಕೊಳ್ಳುವ ಹಕ್ಕೂ ಇಲ್ಲ. ಪ್ರವೇಶದ ಕೋರಿಕೆಯನ್ನು ಹಿಂತೆಗೆದುಕೊಂಡು ತಾನಾಗಿ ಮರಳುವೆನೆಂದು ಕೇಳಿಕೊಳ್ಳಬಹುದು. ಒಪ್ಪಿದರೆ ಆ ಐದು ವರ್ಷದ ಮುದ್ರೆ ಬೀಳದು. ಒಪ್ಪುವುದು ಅಧಿಕಾರಿಯ ಚಿತ್ತ.

ಪರರನ್ನು ಆಡುವ ಮುನ್ನ ನಮ್ಮ ಮನೆಯ ಕಡತವನ್ನೂ ತೆರೆಯಬೇಕು. ಕಲ್ಕತ್ತೆಯ ಸೆರೆಯಲ್ಲಿದ್ದ ಹಾನ್ಸ್ ಮುಲ್ಲರ್ ಎಂಬ ಜರ್ಮನ್ ಪ್ರಜೆಯ ಪ್ರಕರಣದಲ್ಲಿ, ಪರದೇಶೀಯರನ್ನು ಹೊರಹಾಕುವ ಸರ್ಕಾರದ ಅಧಿಕಾರಕ್ಕೆ ಮಿತಿಯಿಲ್ಲವೆಂದು ನಮ್ಮ ಸರ್ವೋಚ್ಚ ನ್ಯಾಯಾಲಯವು 1955ರಲ್ಲಿ ಸಾರಿತು. ಜೀವ ಮತ್ತು ಸ್ವಾತಂತ್ರ್ಯಗಳಿಗೆ ರಕ್ಷಣೆ ಕೊಡುವ ನಮ್ಮ ಸಂವಿಧಾನದ 21ನೆಯ ವಿಧಿಯಲ್ಲಿ ‘ಪ್ರಜೆ’ ಎಂಬ ಪದವಿಲ್ಲ, ‘ವ್ಯಕ್ತಿ’ ಎಂಬುದೇ ಇದೆ.